ರಷ್ಯನ್ ವಾರದ ಹೆಸರುಗಳನ್ನು ನಾನು ಕಲಿತ ಬಗೆ

ರಷ್ಯನ್ ಕಲಿಯತೊಡಗಿದ ಹೊಸದರಲ್ಲಿ ಶಿಕ್ಷಕಿಯವರು ಒಂದು ಪಾಠವನ್ನು ‘ಫ್ತೋರ್ನಿಕ್’ ದಿನಕ್ಕೆ ಗೊತ್ತುಮಾಡಿದ್ದರು. ‘ಫ್ತರೋಯ್’ ಎಂದರೆ ಎರಡನೆಯದು ಎಂಬುದು ನನಗೆ ತಿಳಿದಿತ್ತು. ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ವಾರ ಭಾನುವಾರದಿಂದ ಮೊದಲಾಗುವುದರಿಂದ ಎರಡನೆಯ ದಿನ ಸೋಮವಾರವೇ ಎಂದು ಎಣಿಸಿ, ಮಂಗಳವಾರದ ಪಾಠಕ್ಕೆ ಒಂದು ದಿನ ಮೊದಲೇ ಹೋದೆ. ಅಂದಿನಿಂದ ಪಟ್ಟಿಯನ್ನು ಬಾಯಿಪಾಠ ಮಾಡುವುದನ್ನು ಬಿಟ್ಟು ಒಂದೊಂದು ಹೆಸರಿನ ವ್ಯುತ್ಪತ್ತಿಯನ್ನೂ ನೋಡತೊಡಗಿದೆ.

ನಮ್ಮ ವಾರಗಳಿಗೆ ಗ್ರಹಗಳ ಹೆಸರುಗಳಿದ್ದರೆ ರಷ್ಯನ್ನಿನಲ್ಲಿ ಒಂದು ಗ್ರಹವೂ ಕಾಣಿಸುವುದಿಲ್ಲ. ಗುರುವಾರದ ‘ಚಿತ್ವ್ಯೇರ್ಗ್’ ನಾಲ್ಕನೆಯದು, ಶುಕ್ರವಾರದ ‘ಪ್ಯಾತ್ನಿತ್ಸ’ ಐದನೆಯದು. ಇವುಗಳೊಳಗಿನ ಸಂಖ್ಯೆಗಳು ಸಂಸ್ಕೃತದ ಚತುರ್, ಪಂಚಗಳ ಬಂಧುಗಳಾದ್ದರಿಂದ ಕೂಡಲೇ ಮನಸ್ಸಿನಲ್ಲಿ ನಿಂತವು. ಶನಿವಾರದ ‘ಸುಬೋತ’ ಹೀಬ್ರೂ ಮೂಲದ್ದು, ಕನ್ನಡ ಬೈಬಲಿನಲ್ಲಿ ಬರುವ ಸಬ್ಬತ್ ಎಂಬ ಮಾತೇ ಅದು.

ತೊಡಕಾದದ್ದು ಬುಧವಾರ. ‘ಸ್ರಿದಾ’ ಎಂದರೆ ನಡು. ಸೋಮವಾರದಿಂದ ಎಣಿಸಿದರೆ ಏಳು ದಿನಗಳ ನಡುವೆ ಬರುವುದು ಗುರುವಾರ. ಭಾನುವಾರದಿಂದ ಎಣಿಸಿದರೆ ಮಾತ್ರ ಬುಧವಾರ. ಹಾಗಾದರೆ ಒಂದೇ ಪಟ್ಟಿಯೊಳಗೆ ಎರಡು ಎಣಿಕೆಗಳು ಉಳಿದುಕೊಂಡಿವೆ, ನಾನು ಎಡವಿದ್ದೂ ಆ ಎರಡರ ನಡುವೆಯೇ ಎಂಬುದು ಆಗ ಸ್ಪಷ್ಟವಾಯಿತು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಸೋಮವಾರ. ‘ಪನಿದ್ಯೇಲ್ನಿಕ್’ ಎಂಬುದನ್ನು ಬಿಡಿಸಿದರೆ ‘ನಿದ್ಯೇಲ್ಯ’ದ ನಂತರದ ದಿನ ಎಂದಾಗುತ್ತದೆ. ಇಂದಿನ ರಷ್ಯನ್ನಿನಲ್ಲಿ ನಿದ್ಯೇಲ್ಯ ಎಂದರೆ ವಾರ. ವಾರದ ನಂತರದ ದಿನ ಎಂಬ ಅರ್ಥ ನನಗೆ ಸರಿಹೊಂದಲಿಲ್ಲ. ಆ ಪದದೊಳಗೆ ‘ಅಲ್ಲ’ ಎನ್ನುವ ‘ನೆ’ ಮತ್ತು ‘ಮಾಡು’ ಎನ್ನುವ ಧಾತು ಇವೆ. ಕೆಲಸ ಮಾಡದ ದಿನ, ಅಂದರೆ ಭಾನುವಾರ, ಎಂಬುದೇ ಅದರ ಮೊದಲ ಅರ್ಥ. ಉಕ್ರೇನಿಯನ್, ಪೋಲಿಷ್, ಜೆಕ್, ಬಲ್ಗೇರಿಯನ್ ಭಾಷೆಗಳಲ್ಲಿ ಆ ಪದ ಇಂದಿಗೂ ಭಾನುವಾರವನ್ನೇ ಸೂಚಿಸುತ್ತದೆ. ರಷ್ಯನ್ನಿನಲ್ಲಿ ಮಾತ್ರ ಅದು ಇಡೀ ವಾರಕ್ಕೆ ಸರಿದು, ಭಾನುವಾರಕ್ಕೆ ಕ್ರಿಸ್ತನ ಪುನರುತ್ಥಾನವನ್ನು ಹೇಳುವ ‘ವಸ್ಕ್ರಿಸ್ಯೇನ್ಯೆ’ ಬಂದಿತು. ಈ ಹೆಸರಿನ ಗಟ್ಟಿತನ ನನ್ನನ್ನು ಬೆರಗುಗೊಳಿಸುತ್ತದೆ: ಸೋವಿಯತ್ ಸರ್ಕಾರ 1929ರಲ್ಲಿ ಐದು ದಿನಗಳ, 1931ರಲ್ಲಿ ಆರು ದಿನಗಳ ಆವರ್ತವನ್ನು ಜಾರಿಗೆ ತಂದು, ತಿಂಗಳ 6, 12, 18, 24, 30ನೆಯ ತಾರೀಖುಗಳನ್ನು ರಜೆಯಾಗಿಸಿದರೂ, 1940ರ ಜೂನ್ 26ರ ಆಜ್ಞೆಯೊಡನೆ ಏಳು ದಿನಗಳ ವಾರವೂ ಭಾನುವಾರದ ರಜೆಯೂ ಮರಳಿದವು, ಪುನರುತ್ಥಾನದ ಹೆಸರು ಹಾಗೆಯೇ ಉಳಿಯಿತು.

ಈ ತಿಳಿವಳಿಕೆ ಮುಂದೆ ಅನುವಾದದಲ್ಲಿ ನೇರವಾಗಿ ನೆರವಾಯಿತು. ಆರ್ಥೊಡಾಕ್ಸ್ ಚರ್ಚಿನ ಪಂಚಾಂಗದ ಕೆಲವು ಪುಟಗಳನ್ನು ಕನ್ನಡಕ್ಕೆ ತರುವಾಗ ‘ನಿದ್ಯೇಲ್ಯ’ ಬಂದ ಕಡೆಯೆಲ್ಲ ನಾನು ಮೊದಲು ‘ವಾರ’ ಎಂದೇ ಬರೆದಿದ್ದೆ. ಪಕ್ಕದಲ್ಲಿ ‘ಸಿದ್ಮಿತ್ಸ’ ಎಂಬ ಇನ್ನೊಂದು ಪದ ಕಂಡಾಗ, ಅದರಲ್ಲಿ ಏಳರ ಸಂಖ್ಯೆಯಿರುವುದನ್ನು ಗುರುತಿಸಿ ಕೈ ತಡೆದೆ. ಚರ್ಚಿನ ಬಳಕೆಯಲ್ಲಿ ವಾರ ಎಂದರೆ ಸಿದ್ಮಿತ್ಸ, ನಿದ್ಯೇಲ್ಯ ಇನ್ನೂ ಭಾನುವಾರವೇ. ಮೊದಲ ಪುಟದಿಂದ ಆರಂಭಿಸಿ ಅಷ್ಟೂ ಕಡೆ ತಿದ್ದಿದೆ.