ಡಬಲ್ ಐಪಿಎ: ಹಾಪ್ಸ್ ಅಡಿಯಲ್ಲಿ ಏನಿದೆ ಅಂತ ನೋಡುವುದು ಹೇಗೆ?

ನಮ್ಮ ವೈನ್ ಶಾಪ್‌ನಲ್ಲಿ ಸ್ಟ್ರಾಂಗ್ ಬಿಯರ್ ಕೇಳುವವರಿಗೆ ಬೇಕಿರುವುದು ಕಿಕ್. ಅದನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ, ಬೇಗ ಮುಗಿಸುತ್ತಾರೆ. ರುಚಿಯ ಮಾತೇ ಬರುವುದಿಲ್ಲ. ಡಬಲ್ ಐಪಿಎ ಎಂಬ ಕ್ರಾಫ್ಟ್ ಬಿಯರ್‌ನಲ್ಲೂ (ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಎಂಬ ಹೂವಿನ ಕಹಿ ಎದ್ದು ಕಾಣುವ ಬಿಯರ್) ಆಲ್ಕೋಹಾಲ್ ಹೆಚ್ಚುಕಡಿಮೆ ಅಷ್ಟೇ, ಶೇ 8ರ ಆಸುಪಾಸು. ಆದರೆ ಲೆಕ್ಕಾಚಾರ ಪೂರ್ತಿ ಉಲ್ಟಾ. ಒಳ್ಳೆಯ ಡಬಲ್ ಐಪಿಎ ಕುಡಿಯುವಾಗ ಅದು ಅಷ್ಟು ಸ್ಟ್ರಾಂಗ್ ಅಂತ ನಾಲಿಗೆಗೆ ಗೊತ್ತಾಗಬಾರದು.

ಇದು ಹುಟ್ಟಿದ ಕತೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. 1994ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದಲ್ಲಿ ವಿನ್ನಿ ಸಿಲುರ್ಜೊ ಅವರು ಬ್ಲೈಂಡ್ ಪಿಗ್ ಎಂಬ ಪುಟ್ಟ ಬ್ರೂವರಿಯಲ್ಲಿ ಮೊದಲ ಬಿಯರ್ ತಯಾರಿಗೆ ಇಳಿದರು. ಉಪಕರಣಗಳು ಹಳೆಯವು. ಹುದುಗಿಸುವ ತೊಟ್ಟಿಗಳು ಪ್ಲಾಸ್ಟಿಕ್‌ನವು. ಏನಾದರೂ ಅಡ್ಡವಾಸನೆ ಬಂದರೆ ಮುಚ್ಚಿಹೋಗಲಿ ಅಂತ ಐಪಿಎ ರೆಸಿಪಿಯಲ್ಲಿ ಹಾಪ್ಸನ್ನು ಎರಡು ಪಟ್ಟು ಮಾಡಿದರು, ಮಾಲ್ಟನ್ನೂ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಏರಿಸಿದರು. ಮುಂದೆ ಅವರೇ ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯಲ್ಲಿ ಮಾಡಿದ ‘ಪ್ಲೈನಿ ದಿ ಎಲ್ಡರ್’ ಈ ಬಗೆಗೆ ಅಳತೆಗೋಲಾಯಿತು.

ರುಚಿ ನೋಡುವವರಿಗೆ ಬೇಕಾದ ಸುಳಿವು ಈ ಕತೆಯಲ್ಲೇ ಇದೆ. ಹಾಪ್ಸ್ ಜಾಸ್ತಿ ಇದ್ದರೆ ತಪ್ಪುಗಳು ಅಡಗಿಕೊಳ್ಳುತ್ತವೆ. ‘ಅಬ್ಬಾ, ಎಂಥ ಕಹಿ’ ಅಂತ ಯಾರು ಬೇಕಾದರೂ ಹೇಳಬಹುದು. ಅಂಕ ಕೊಡಲು ಕೂತವರು ಹಾಪ್ಸ್ ಅಡಿಯಲ್ಲಿ ಏನಿದೆ ಅಂತ ಹುಡುಕಬೇಕು.

ಮೊದಲು ತಾರೀಖು

ಮುಚ್ಚಳ ತೆಗೆಯುವ ಮೊದಲೇ ಪರೀಕ್ಷೆ ಶುರು. ಹಾಪ್ಸ್ ಅಂದರೆ ಒಂದು ಬಳ್ಳಿಯ ಹಸಿರು ಹೂವು. ಅದರ ಎಸಳಿನ ಬುಡದಲ್ಲಿರುವ ಹಳದಿ ಪುಡಿಯಲ್ಲಿ ಕಹಿಯೂ ಇದೆ, ಪರಿಮಳದ ಎಣ್ಣೆಯೂ ಇದೆ. ಕಹಿ ತಕ್ಕಮಟ್ಟಿಗೆ ಉಳಿಯುತ್ತದೆ. ಪರಿಮಳ ಬಹಳ ದಿನ ನಿಲ್ಲುವುದಿಲ್ಲ.

ಕ್ಯಾನ್‌ನ ತಳದಲ್ಲಿ ಅಥವಾ ಲೇಬಲ್ ಮೇಲೆ ಪ್ಯಾಕ್ ಮಾಡಿದ ತಾರೀಖು ಹುಡುಕಿ. ಒಂದು ತಿಂಗಳ ಒಳಗಿನದ್ದಾದರೆ ಚೆನ್ನ. ಮೂರು ತಿಂಗಳು ದಾಟಿದ್ದರೆ, ಅದೂ ಫ್ರಿಜ್‌ನ ಹೊರಗೆ ಇಟ್ಟಿದ್ದರೆ, ನೀವು ಕೊಡುವ ಅಂಕ ಬ್ರೂವರಿಗಿಂತ ಗೋಡೌನಿಗೇ ಜಾಸ್ತಿ ಸಲ್ಲುತ್ತದೆ. ಪ್ಲೈನಿ ಬಾಟಲಿಯ ಲೇಬಲ್ ಮೇಲಂತೂ ತಣ್ಣಗಿಡಿ, ತಾಜಾ ಇರುವಾಗಲೇ ಕುಡಿಯಿರಿ, ಹಳೆಯದು ಮಾಡಬೇಡಿ ಅಂತ ಸುತ್ತಲೂ ಗೋಗರೆದಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನೋ ಅಕ್ಕನೋ ಸೂಟ್‌ಕೇಸಿನಲ್ಲಿ ಜೋಪಾನವಾಗಿ ತಂದದ್ದನ್ನು ಹೊಸ ವರ್ಷಕ್ಕಾಗಲಿ ಅಂತ ಎತ್ತಿಡಬೇಡಿ.

ಬೆಳಕೂ ಬಿಯರ್‌ಗೆ ಶತ್ರು. ಹಾಪ್ಸ್‌ನ ಕಹಿ ಅಂಶಕ್ಕೆ ಬೆಳಕು ತಾಗಿದರೆ ಗಂಧಕದ ಕೆಟ್ಟ ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಇದನ್ನು ಬಹಳಷ್ಟು ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಹಸಿರು ಅಥವಾ ಬಿಳಿ ಗಾಜಿನ ಬಾಟಲಿಯನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ.

ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಈ ತಾಪತ್ರಯ ಕಡಿಮೆ, ಅಲ್ಲೇ ಮಾಡಿ ಅಲ್ಲೇ ಸುರಿಯುತ್ತಾರಲ್ವಾ. ಈ ಬ್ಯಾಚ್ ಎಷ್ಟು ದಿನದ್ದು ಅಂತ ಕೇಳಲು ಸಂಕೋಚ ಬೇಡ. ಉತ್ತರ ಬರಲಿಲ್ಲ ಅಂದರೆ ಅದೂ ಒಂದು ಉತ್ತರ.

ಗ್ಲಾಸು ಮತ್ತು ತಂಪು

ಫ್ರೀಜರ್‌ನಲ್ಲಿಟ್ಟು ಮಂಜು ಹಿಡಿಸಿದ ಮಗ್ ಬೇಡವೇ ಬೇಡ. ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ದೋಷಗಳಿಗೆ ಇದಕ್ಕಿಂತ ಒಳ್ಳೆಯ ಅಡಗುತಾಣ ಇನ್ನೊಂದಿಲ್ಲ. 7ರಿಂದ 10 ಡಿಗ್ರಿ ಸೆಲ್ಸಿಯಸ್ ಸರಿ. ಮನೆಯ ಫ್ರಿಜ್ ಸುಮಾರು 4 ಡಿಗ್ರಿಯಲ್ಲಿರುತ್ತದೆ. ಹೊರಗೆ ತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟರೆ ಆಯಿತು. ಬೇಸಿಗೆಯಲ್ಲಿ ಇನ್ನೂ ಬೇಗ.

ಹೊಟ್ಟೆ ಅಗಲವಾಗಿ, ಬಾಯಿ ಕಿರಿದಾಗಿರುವ ಗ್ಲಾಸು ತೆಗೆದುಕೊಳ್ಳಿ. ವೈನ್ ಗ್ಲಾಸ್ ಧಾರಾಳವಾಗಿ ನಡೆಯುತ್ತದೆ. ಪಾತ್ರೆ ತೊಳೆಯುವ ಸೋಪಿನ ಅಂಶವೋ ಎಣ್ಣೆಯ ಪಸೆಯೋ ಉಳಿದಿದ್ದರೆ ನೊರೆ ಬೇಗ ಕುಸಿಯುತ್ತದೆ. ಬಿಯರ್ ಸುರಿದಾಗ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಗ್ಲಾಸು ಕೊಳೆ ಅಂತಲೇ ಲೆಕ್ಕ. ಬಿಯರನ್ನು ಬೈಯುವ ಮೊದಲು ಗ್ಲಾಸು ಬದಲಿಸಿ. ಅಮೆರಿಕದ ವರ್ಮಾಂಟ್ ರಾಜ್ಯದ ‘ಹೆಡಿ ಟಾಪರ್’ ಎಂಬ ಹೆಸರಾಂತ ಡಬಲ್ ಐಪಿಎಯ ಕ್ಯಾನ್ ಮೇಲೆ, ಕ್ಯಾನ್‌ನಿಂದಲೇ ಕುಡಿಯಿರಿ ಅಂತ ಅಚ್ಚು ಹಾಕಿಸಿದ್ದರು. ಕುಡಿಯಲು ಸರಿ, ಅಂಕ ಕೊಡಲು ಸಾಲದು.

ಅಗರಬತ್ತಿ ಆರಿಸಿ. ಸೆಂಟು ಬೇಡ. ಮಸಾಲೆ ಕಡಲೆಕಾಯಿ, ಗೋಬಿ ಮಂಚೂರಿ ಎಲ್ಲ ಆಮೇಲೆ. ಎದುರಿಗೆ ನೀರು, ಏನೂ ಹಚ್ಚದ ಬ್ರೆಡ್ಡು, ಒಂದು ಪೆನ್ನು, ಹಾಳೆ ಸಾಕು.

60ರಿಂದ 90 ಎಂಎಲ್ ಮಾತ್ರ ಸುರಿಯಿರಿ. ಜಿಪುಣತನ ಅಲ್ಲ, ಲೆಕ್ಕ ಹೀಗಿದೆ: ಶೇ 8ರ 330 ಎಂಎಲ್ ಬಾಟಲಿಯಲ್ಲಿ 26 ಎಂಎಲ್‌ನಷ್ಟು ಶುದ್ಧ ಆಲ್ಕೋಹಾಲ್ ಇದೆ. 60 ಎಂಎಲ್ ವಿಸ್ಕಿ ಪೆಗ್‌ನಲ್ಲಿರುವುದೂ ಸುಮಾರು ಅಷ್ಟೇ. ನಾಲ್ಕು ಬಗೆಯನ್ನು ಹೋಲಿಸಿ ನೋಡಬೇಕು ಅನ್ನುವವರು ಬಾಟಲಿಗಳನ್ನು ನಾಲ್ಕು ಜನ ಹಂಚಿಕೊಳ್ಳಿ. ವಾಪಸ್ ಹೋಗಲು ಕ್ಯಾಬ್ ಮಾಡಿ.

ಮೂಗಿನ ಕೆಲಸ

ಸುರಿದ ತಕ್ಷಣ ಮೂಗು ಹತ್ತಿರ ತನ್ನಿ. ಕುಡಿಯಬೇಡಿ. ಹಗುರವಾದ ಪರಿಮಳಗಳು ಮೊದಲ ನಿಮಿಷದಲ್ಲೇ ಹಾರಿಹೋಗುತ್ತವೆ. ಉದ್ದಕ್ಕೆ ಎಳೆಯದೆ ಚಿಕ್ಕದಾಗಿ ಎರಡು ಮೂರು ಸಲ ಮೂಸಿ. ನಂತರ ಮೂಗಿಗೆ ಬಿಡುವು ಕೊಡಿ. ಒಂದೇ ವಾಸನೆಗೆ ಮೂಗು ಬೇಗ ಒಗ್ಗಿಕೊಂಡು ಸುಮ್ಮನಾಗಿಬಿಡುತ್ತದೆ. ಎರಡನೇ ಸುತ್ತಿಗೆ ಗ್ಲಾಸಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಮೆಲ್ಲಗೆ ತಿರುಗಿಸಿ, ಕೈ ತೆಗೆದು ಮೂಸಿ.

ಏನು ಬರೆದುಕೊಳ್ಳಬೇಕು? ಅಮೆರಿಕದ ತೀರ್ಪುಗಾರರು ಗ್ರೇಪ್‌ಫ್ರೂಟ್, ಪೈನ್ ಮರ ಅಂತ ಬರೆಯುತ್ತಾರೆ. ಅವರು ತಿಂದದ್ದು, ಕಂಡದ್ದು ಅದು. ನಮಗೆ ಚಕ್ಕೋತ ಗೊತ್ತು, ಹೇರಳೆಕಾಯಿ ಸಿಪ್ಪೆ ಗೊತ್ತು, ಸಾಂಬ್ರಾಣಿ ಗೊತ್ತು. ಮಾವಿನಕಾಯಿ ತೊಟ್ಟು ಮುರಿದಾಗ ಬರುವ ಸೊನೆಯ ವಾಸನೆಯಂತೂ ಹಾಪ್ಸ್‌ಗೆ ತುಂಬ ಹತ್ತಿರ. ಇದು ಬರೀ ಕಲ್ಪನೆಯಲ್ಲ. ಮಿರ್ಸೀನ್ ಎಂಬ ಎಣ್ಣೆಯ ಅಂಶ ಮಾವಿನಲ್ಲೂ ಇದೆ, ಹಾಪ್ಸ್‌ನಲ್ಲೂ ಇದೆ. ನಿಮ್ಮ ಮೂಗಿಗೆ ಪರಿಚಯ ಇರುವುದನ್ನೇ ಬರೆಯಿರಿ. ಎರವಲು ಪದ ಬರೆದರೆ ಮುಂದಿನ ಸಲ ಅದು ನಿಮಗೇ ಅರ್ಥವಾಗುವುದಿಲ್ಲ.

ಹಾಪ್ಸ್ ತಳಿಗಳ ಗುರುತೂ ಮೆಲ್ಲಗೆ ಸಿಗುತ್ತದೆ. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯದು ಚಕ್ಕೋತ ಮತ್ತು ಹೂವಿನ ಕಡೆ ವಾಲುವ ಪರಿಮಳ. ಅಮೆರಿಕದ ಕ್ರಾಫ್ಟ್ ಬಿಯರ್‌ಗೆ ಆ ಮೂಗುಗುರುತು ಬಂದದ್ದೇ ಇದರಿಂದ. ಸಿಮ್ಕೋ ಮರದ ಅಂಟಿನ ಕಡೆಗೆ. ಸಿಟ್ರಾದಲ್ಲಿ ನಿಂಬೆ ಜಾತಿಯ ಜೊತೆ ಮಾವು, ಪ್ಯಾಷನ್ ಫ್ರೂಟ್. ಮೊಸಾಯಿಕ್ ಕೆಲವೊಮ್ಮೆ ಹಣ್ಣು, ಕೆಲವೊಮ್ಮೆ ಈರುಳ್ಳಿ. ಈರುಳ್ಳಿ–ಬೆಳ್ಳುಳ್ಳಿ ವಾಸನೆ ಜೋರಾಗಿ ಬಂದರೆ ನಾನು ಅಂಕ ಕಡಿಯುತ್ತೇನೆ. ಅದನ್ನು ಇಷ್ಟಪಡುವವರೂ ಇದ್ದಾರೆ, ಇರಲಿ.

ಕಣ್ಣಿಗೆ ಮೂರೇ ಅಂಕ

ಬಣ್ಣ ಹೊನ್ನಿನಿಂದ ತಿಳಿ ತಾಮ್ರದವರೆಗೆ ಇರಬಹುದು. ನೊರೆ ನಿಲ್ಲಬೇಕು. ಅಮೆರಿಕದ ಪಶ್ಚಿಮ ಕರಾವಳಿಯ ಶೈಲಿಯದ್ದು ತಿಳಿಯಾಗಿರಬೇಕು. ಹೆಡಿ ಟಾಪರ್ ದಾರಿಯಲ್ಲಿ ಬಂದ ಹೇಜಿ ಬಗೆ ಮಬ್ಬಾಗಿಯೇ ಇರುತ್ತದೆ, ಅದು ತಪ್ಪಲ್ಲ. ಗಸಿಯ ಚೂರುಗಳು ತೇಲುತ್ತಿದ್ದರೆ ಮಾತ್ರ ಬರೆದುಕೊಳ್ಳಿ. ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ.

ಗುಟುಕು

ವೈನ್ ಪರೀಕ್ಷಕರು ಉಗಿಯುತ್ತಾರೆ, ಬಿಯರ್ ತೀರ್ಪುಗಾರರು ನುಂಗುತ್ತಾರೆ. ನುಂಗಿದಾಗ ಗಂಟಲ ಹಿಂದಿನಿಂದ ಪರಿಮಳ ಮತ್ತೆ ಮೂಗಿಗೆ ಏರುತ್ತದೆ. ಹಾಪ್ಸ್‌ನ ಅರ್ಧ ಕತೆ ಇರುವುದೇ ಅಲ್ಲಿ. ಬಾಯಿ ಮುಚ್ಚಿ ನುಂಗಿ, ಮೂಗಿನಿಂದ ನಿಧಾನಕ್ಕೆ ಉಸಿರು ಬಿಡಿ.

ಮೊದಲ ಗುಟುಕಿನ ಮೇಲೆ ತೀರ್ಪು ಬೇಡ, ಅದು ನಾಲಿಗೆಯನ್ನು ಹದ ಮಾಡುವುದಕ್ಕೆ. ಎರಡನೆಯದರಲ್ಲಿ ಮಾಲ್ಟ್ ಹುಡುಕಿ. ಬಿಸ್ಕತ್ತು, ಬ್ರೆಡ್ಡಿನ ಹೊರಪದರದ ಎಳೆ ರುಚಿ ಇರಬೇಕು. ಕ್ಯಾರಮೆಲ್ ಎದ್ದು ಕಂಡರೆ, ಕೊನೆಗೆ ಸಿಹಿ ಅಂಟಿಕೊಂಡರೆ, ಅದು ಡಬಲ್ ಐಪಿಎಗೆ ಒಪ್ಪುವ ಗುಣವಲ್ಲ. ಗುಟುಕಿನ ಕೊನೆ ಒಣಗಿದಂತೆ, ಚೊಕ್ಕವಾಗಿ ಮುಗಿಯಬೇಕು. ಇಷ್ಟು ಕಹಿಯ ಬಿಯರ್‌ಗೆ ಇನ್ನೊಂದು ಗುಟುಕು ಬೇಕು ಅನಿಸುವುದು ಆ ಒಣ ಮುಕ್ತಾಯದಿಂದ.

ಈಗ ಕಹಿ. ಕುದಿಸುವಾಗ ಹಾಪ್ಸ್‌ನ ಆಲ್ಫಾ ಆಮ್ಲಗಳು ರೂಪ ಬದಲಿಸಿ ಬಿಯರ್‌ನಲ್ಲಿ ಕರಗುತ್ತವೆ. ಶುರುವಿನಲ್ಲೇ ಹಾಕಿ ಒಂದು ಗಂಟೆ ಕುದಿಸಿದರೆ ಕಹಿ ಜಾಸ್ತಿ, ಪರಿಮಳ ಆವಿ. ಕೊನೆಗೆ ಹಾಕಿದರೆ ಪರಿಮಳ ಉಳಿಯುತ್ತದೆ. ಹುದುಗಿದ ಮೇಲೆ ತಣ್ಣನೆಯ ಬಿಯರ್‌ಗೇ ಹಾಪ್ಸ್ ಹಾಕುವುದನ್ನು ಡ್ರೈ ಹಾಪಿಂಗ್ ಅನ್ನುತ್ತಾರೆ. ಕಹಿಯ ಅಳತೆ ಐಬಿಯು. ಅಂಗಡಿಯಲ್ಲಿ ಮಾಮೂಲಿ ಸಿಗುವ ಹಗುರವಾದ ಲಾಗರ್ ಬಿಯರ್‌ಗಳಲ್ಲಿ ಇದು 20ರ ಒಳಗೆ, ಡಬಲ್ ಐಪಿಎಯಲ್ಲಿ 60ರಿಂದ 100. ಆದರೆ ಮೆನುವಿನ ಆ ಸಂಖ್ಯೆ ನೋಡಿ ಮರುಳಾಗಬೇಡಿ. ಮಾಲ್ಟ್ ಸಾಕಷ್ಟಿದ್ದರೆ 90 ಕೂಡ ಮೃದು, ಇಲ್ಲದಿದ್ದರೆ 50 ಕೂಡ ಒರಟು. ಹಾಗಲಕಾಯಿ ಗೊಜ್ಜಿನ ಹಾಗೆ: ಬೆಲ್ಲ, ಹುಳಿ ಹದವಾಗಿ ಬಿದ್ದರೆ ಕಹಿಯೇ ರುಚಿ.

ಹಾಗಾಗಿ ಕಹಿ ಎಷ್ಟು ಅನ್ನುವುದಕ್ಕಿಂತ ಎಂಥದ್ದು, ಎಷ್ಟು ಹೊತ್ತು ಅಂತ ಬರೆಯಿರಿ. ನುಂಗಿದ ಮೇಲೆ ಕಹಿ ಸ್ವಲ್ಪ ಹೊತ್ತು ನಿಂತು ಇಳಿಯಬೇಕು. ನಾಲಿಗೆ ಕೆರೆದರೆ, ಎಲೆ ಜಗಿದಂತೆ ಒಗರು ಉಳಿದರೆ, ಹಾಪ್ಸ್ ಅತಿಯಾಗಿದೆ ಅಥವಾ ಡ್ರೈ ಹಾಪಿಂಗ್ ಹದ ತಪ್ಪಿದೆ.

ಆಲ್ಕೋಹಾಲ್ ಎದೆಯಲ್ಲಿ ಸಣ್ಣ ಬೆಚ್ಚನೆ ತಂದರೆ ಒಪ್ಪೋಣ. ಗಂಟಲು ಸುಟ್ಟರೆ, ನೇಲ್ ಪಾಲಿಶ್ ರಿಮೂವರ್ ನೆನಪಾದರೆ, ಅದು ಸ್ಟ್ರಾಂಗ್ ಆಗಿರುವುದರಿಂದ ಅಂತ ರಿಯಾಯಿತಿ ಕೊಡಬೇಡಿ. ಹುದುಗುವಾಗ ಶಾಖ ಏರಿದರೆ, ಈಸ್ಟ್‌ಗೆ ತ್ರಾಸವಾದರೆ ಹೀಗಾಗುತ್ತದೆ. ಶೇ 8ರಲ್ಲಿ, 9ರಲ್ಲಿ ಇದಿಲ್ಲದೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಅಡಗಿದ್ದನ್ನು ಹೊರಗೆಳೆಯುವುದು

ಇದಕ್ಕೆ ಎರಡು ಉಪಾಯ ಇವೆ. ಒಂದು, ಮೂಗು ಹಿಡಿದು ಕುಡಿಯುವುದು. ಪಕ್ಕದ ಟೇಬಲ್‌ನವರು ನೋಡುತ್ತಾರೆ, ನೋಡಲಿ. ಮೂಗು ಮುಚ್ಚಿದಾಗ ಪರಿಮಳದ ಅಬ್ಬರ ನಿಂತು ಸಿಹಿ, ಕಹಿ, ಹುಳಿ, ಸುಡು ಇಷ್ಟೇ ಉಳಿಯುತ್ತವೆ. ಈ ನಾಲ್ಕರಲ್ಲಿ ಯಾವುದು ಮಿತಿಮೀರಿದೆ ಅಂತ ಆಗ ಸ್ಪಷ್ಟವಾಗುತ್ತದೆ. ಮೂಗು ಬಿಟ್ಟ ತಕ್ಷಣ ನುಗ್ಗುವ ವಾಸನೆಯನ್ನೂ ಗಮನಿಸಿ.

ಎರಡನೆಯದು, ಕಾಯುವುದು. ಅರ್ಧ ಗ್ಲಾಸು ಮುಚ್ಚಿಟ್ಟು ಇಪ್ಪತ್ತು ನಿಮಿಷ ಬಿಡಿ. 15 ಡಿಗ್ರಿ ದಾಟಿದ ಬಿಯರ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಬೆಣ್ಣೆಯ ವಾಸನೆ ಬಂತೇ? ಅದು ಡೈಅಸಿಟೈಲ್, ಹುದುಗುವಾಗ ಹುಟ್ಟುವ ಒಂದು ಅಂಶ. ಡ್ರೈ ಹಾಪಿಂಗ್ ಮಾಡಿದ ಬಿಯರ್‌ಗಳಲ್ಲಿ ಇದು ಹೊಸದಾಗಿಯೂ ಹುಟ್ಟಬಹುದು. ಹಾಪ್ಸ್‌ನಲ್ಲಿರುವ ಕಿಣ್ವಗಳು ಉಳಿದ ಪಿಷ್ಟದ ಅಂಶವನ್ನು ಒಡೆದು ಸಕ್ಕರೆ ಮಾಡುತ್ತವೆ, ಮಲಗಿದ್ದ ಈಸ್ಟ್ ಎದ್ದು ಮತ್ತೆ ಹುದುಗಿಸುತ್ತದೆ. ಅದು ಕೆಲಸ ಮುಗಿಸುವ ಮೊದಲೇ ಪ್ಯಾಕ್ ಮಾಡಿದರೆ ಬೆಣ್ಣೆ ನಮ್ಮ ಪಾಲಿಗೆ. ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂದರೆ ಕುದಿತ ಸಾಲದು. ಹಸಿ ಸೇಬು ಬಂದರೆ ಬಿಯರ್ ಇನ್ನೂ ಎಳಸು. ಹಳೆಯ ಚೀಸ್ ವಾಸನೆ ಇದ್ದರೆ ಹಾಪ್ಸೇ ಹಳತು. ನೆನೆದ ರಟ್ಟು, ಜೇನಿನಂಥ ಮಂಕು ಸಿಹಿ ಬಂದರೆ ಆಮ್ಲಜನಕ ತಾಗಿದೆ. ಹೇಜಿ ಬಗೆಗಳು ಇದಕ್ಕೆ ಬೇಗ ಬಲಿಯಾಗಿ, ಹಳದಿ ಬಣ್ಣ ಕಂದು ಬೂದಿಗೆ ತಿರುಗುತ್ತದೆ.

ಅಂಕ

ಮನೆಯಲ್ಲಿ ಹೊಸ ಪದ್ಧತಿ ಕಂಡುಹಿಡಿಯುವ ಅಗತ್ಯವಿಲ್ಲ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆಯ 50 ಅಂಕದ ಹಾಳೆ ಸಾಕು. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಮೈಕಟ್ಟಿಗೆ 5, ಒಟ್ಟಾರೆ ಅನಿಸಿಕೆಗೆ 10. ಮೈಕಟ್ಟು ಅಂದರೆ ಬಿಯರ್ ನೀರಾಗಿದೆಯೋ ಮಂದವಾಗಿದೆಯೋ, ಗ್ಯಾಸ್ ಹೇಗಿದೆ, ಒಗರು ಇದೆಯೋ ಅನ್ನುವುದು.

ಹಲವು ಬಾಟಲಿಗಳಿದ್ದರೆ ಹಗುರದ್ದು ಮೊದಲು, ಗಡುಸಿನದ್ದು ಕೊನೆಗೆ. ಕಹಿ ಗುಟುಕಿನಿಂದ ಗುಟುಕಿಗೆ ನಾಲಿಗೆಯ ಮೇಲೆ ಕೂಡುತ್ತಾ ಹೋಗುತ್ತದೆ. ನಾಲ್ಕನೆಯ ಬಿಯರ್‌ಗೆ ಅನ್ಯಾಯ ಆಗುವುದು ಹೀಗೆಯೇ. ನಡುವೆ ಬ್ರೆಡ್ಡು, ನೀರು, ಬಿಡುವು. ಲೇಬಲ್ ಕಾಣದಂತೆ ಇನ್ನೊಬ್ಬರು ಸುರಿದುಕೊಟ್ಟರೆ ಒಳ್ಳೆಯದು, ಏಕೆಂದರೆ ಬೆಲೆ ಗೊತ್ತಿದ್ದಾಗ ನಾಲಿಗೆ ಧಾರಾಳಿಯಾಗುತ್ತದೆ. ಜೊತೆಗಿರುವವರ ಅಂಕ ಕೇಳುವ ಮೊದಲು ನಿಮ್ಮದನ್ನು ಬರೆದಿಟ್ಟುಬಿಡಿ. ಇಬ್ಬರ ನಡುವೆ ಏಳೆಂಟು ಅಂಕದ ಅಂತರ ಬಂದರೆ ಮತ್ತೆ ಸುರಿದು, ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ತಪ್ಪಿದ್ದು ಏನು ಅಂತ ಒಟ್ಟಿಗೆ ಹುಡುಕಿ.

ಒಟ್ಟು 38 ದಾಟಿದರೆ ಅದು ಎಲ್ಲಿ ಹೋದರೂ ಮರ್ಯಾದೆ ಪಡೆಯುವ ಬಿಯರ್, ಉಳಿದ ಬಾಟಲಿಗೆ ಊಟ ತರಿಸಿ. 30ರ ಮೇಲಿದ್ದರೆ ದೂರಲು ಏನೂ ಇಲ್ಲ. 20ರ ಕೆಳಗಿದ್ದರೆ ಸಿಂಕ್‌ಗೆ ಸುರಿಯಿರಿ, ದುಡ್ಡು ಹೇಗೂ ಹೋಗಿದೆ.