ಲಾಂಚರ್ ತೆರೆಯುತ್ತಿಲ್ಲವೇ? ಅಳಿಸುವ ಮುನ್ನ ಎಲ್ಲಿ ನಿಂತಿದೆ ನೋಡಿ

ಕಂಪ್ಯೂಟರ್ ಆಟಗಳನ್ನು ಕೊಂಡು, ಇಳಿಸಿ, ತೆರೆಯಲು ಬಳಸುವ ಸ್ಟೀಮ್, ಎಪಿಕ್‌ನಂಥ ಪ್ರೋಗ್ರಾಂ ಅಂದರೆ ಲಾಂಚರ್. ಅದರ ಐಕಾನ್ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತೀರಿ. ನೀಲಿ ಚಕ್ರ ಎರಡು ಸುತ್ತು ತಿರುಗಿ ಮಾಯವಾಗುತ್ತದೆ. ದೋಷದ ಸಂದೇಶ ಬರುವುದಿಲ್ಲ, ಕಿಟಕಿಯೂ ತೆರೆಯುವುದಿಲ್ಲ. ಆಗ ಹೆಚ್ಚಿನವರು ಲಾಂಚರನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಲು ಹೊರಡುತ್ತಾರೆ. ಹಳೆಯ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ ಅದು. ಸ್ಟೀಮ್‌ನಂಥ ಲಾಂಚರನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಅದರೊಳಗಿನ ಆಟಗಳೂ ಅಳಿಸಿಹೋಗುತ್ತವೆ. ಅಳಿಸಿದ ಮೇಲೆ ಹೊಸ ಆವೃತ್ತಿ ಆ ಹಳೆಯ ವಿಂಡೋಸ್‌ನಲ್ಲಿ ಕೂರುತ್ತದೆ ಎಂಬ ಭರವಸೆಯೂ ಇಲ್ಲ.

ಒಂದು ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಇಂದಿನ ಲಾಂಚರ್ ಒಳಗಿನಿಂದ ಒಂದು ಬ್ರೌಸರ್. ಅಂಗಡಿಯ ಪುಟ, ಗೆಳೆಯರ ಪಟ್ಟಿ, ಲಾಗಿನ್ ಪರದೆ ಎಲ್ಲವೂ ಜಾಲಪುಟಗಳೇ. ಅವುಗಳನ್ನು ತೋರಿಸಲು ಕ್ರೋಮ್‌ನ ಮೂಲವಾದ ಕ್ರೋಮಿಯಂ ಅನ್ನು ಬಹಳಷ್ಟು ಲಾಂಚರ್‌ಗಳು ಒಳಗೇ ಇಟ್ಟುಕೊಂಡಿರುತ್ತವೆ. 2005ರ ಆಟ ಇಂದಿಗೂ ಅದೇ ಆಟ, ಅದು ಬೇಡುವ ಯಂತ್ರವೂ ಬದಲಾಗಿಲ್ಲ. ಅದನ್ನು ತೆರೆಯುವ ಲಾಂಚರ್ ಮಾತ್ರ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತಾ ಹೆಚ್ಚೆಚ್ಚು ಕೇಳುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇವತ್ತು ಏಕಾಏಕಿ ಕೈಕೊಡುವುದು ಹೆಚ್ಚಾಗಿ ಇದರಿಂದಲೇ.

ಕೆಳಗಿನ ಹಂತಗಳು ವಿಂಡೋಸ್‌ಗೆ ಸಂಬಂಧಿಸಿದವು. ಕಡತಗಳ ಹೆಸರು ಮತ್ತು ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ, ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲ ಮೂವತ್ತು ಸೆಕೆಂಡು

ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಆದಾಗ ಡ್ರೈವರ್‌ಗಳ (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಂಗಳ) ಹಳೆಯ ಸ್ಥಿತಿ ಹಾಗೇ ಉಳಿಯುತ್ತದೆ, ರೀಸ್ಟಾರ್ಟ್‌ನಲ್ಲಿ ಮಾತ್ರ ಪೂರ್ತಿ ಹೊಸದಾಗಿ ಶುರುವಾಗುತ್ತದೆ. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು 'ಡೀಟೇಲ್ಸ್' ಪಟ್ಟಿಗೆ ಹೋಗಿ. ವಿಂಡೋಸ್ 7ರಲ್ಲಿ ಇದು 'ಪ್ರೋಸೆಸಸ್' ಪಟ್ಟಿ. ಈಗ ಲಾಂಚರ್ ಕ್ಲಿಕ್ ಮಾಡಿ, ಪಟ್ಟಿಯಲ್ಲಿ ಅದರ ಹೆಸರನ್ನು ಅರ್ಧ ನಿಮಿಷ ಗಮನಿಸಿ.

ಹೆಸರು ಬರಲೇ ಇಲ್ಲ, ಅಥವಾ ಮಿಂಚಿ ಮರೆಯಾಯಿತು ಎಂದಾದರೆ ವಿಂಡೋಸ್ ಆವೃತ್ತಿ, ಕಾಣೆಯಾದ ಡಿಎಲ್‌ಎಲ್ ಕಡತ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಕಡತ) ಅಥವಾ ಆ್ಯಂಟಿವೈರಸ್ ಕಡೆ ನೋಡಬೇಕು. ಹೆಸರು ಬಂದು ಸುಮ್ಮನೆ ಕುಳಿತಿದೆ, ಕಿಟಕಿ ಇಲ್ಲ ಎಂದಾದರೆ ಅದು ಜಾಲಸಂಪರ್ಕಕ್ಕಾಗಿ ಕಾಯುತ್ತಿರಬಹುದು, ಅಥವಾ ಅದರ ಬ್ರೌಸರ್ ಭಾಗ ಏಳಲಾಗದೆ ಒದ್ದಾಡುತ್ತಿರಬಹುದು. ಸ್ಟೀಮ್‌ನಲ್ಲಿ ಈ ಭಾಗದ ಹೆಸರು 'ಸ್ಟೀಮ್‌ವೆಬ್‌ಹೆಲ್ಪರ್'. ಅದು ಪಟ್ಟಿಯಲ್ಲಿ ಮತ್ತೆ ಮತ್ತೆ ಹುಟ್ಟಿ ಸಾಯುತ್ತಿದ್ದರೆ ಬೇರೆಲ್ಲೂ ಹುಡುಕುವುದು ಬೇಡ. ಇನ್ನು ಕಿಟಕಿ ತೆರೆದು ಪೂರ್ತಿ ಕಪ್ಪಗೋ ಬಿಳಿಯಾಗೋ ನಿಂತರೆ ದೋಷ ಗ್ರಾಫಿಕ್ಸ್‌ನದು.

ಗಡಿಯಾರದ ಪಕ್ಕದ ಸಣ್ಣ ಬಾಣದ ಗುರುತನ್ನೂ ಒತ್ತಿ ನೋಡಿ, ಲಾಂಚರ್ ಅಲ್ಲೇ ಅಡಗಿ ಕುಳಿತಿರಬಹುದು. ಹಿಂದೆ ಎರಡನೇ ಮಾನಿಟರ್ ಜೋಡಿಸಿ ಈಗ ತೆಗೆದಿದ್ದರೆ ಕಿಟಕಿ ಆ ಇಲ್ಲದ ಪರದೆಯ ಮೇಲೆ ತೆರೆದಿರಲೂಬಹುದು. ವಿಂಡೋಸ್ ಕೀಲಿ ಮತ್ತು ಶಿಫ್ಟ್ ಜೊತೆಗೆ ಎಡ ಬಾಣ ಒತ್ತಿದರೆ ವಾಪಸು ಬರುತ್ತದೆ.

ವಿಂಡೋಸ್‌ಗೆ ವಯಸ್ಸಾಗಿದೆಯೇ?

ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, 'ವಿನ್‌ವರ್' ಎಂದು ಟೈಪ್ ಮಾಡಿ. ಬರುವ ಆವೃತ್ತಿಯನ್ನು ಲಾಂಚರ್ ಕಂಪನಿಯ ಬೆಂಬಲ ಪುಟದ ಜೊತೆ ಹೋಲಿಸಿ. ಸ್ಟೀಮ್ ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ಟಾಗಳನ್ನು ಕೈಬಿಟ್ಟದ್ದು 2019ರ ಜನವರಿ 1ರಂದು. 7, 8 ಮತ್ತು 8.1ನ್ನು 2024ರ ಜನವರಿ 1ರಂದು. ಕಾರಣ ಮೇಲೆ ಹೇಳಿದ ಬ್ರೌಸರೇ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಕ್ರೋಮ್ 109ನೇ ಆವೃತ್ತಿ. 2023ರ ಫೆಬ್ರುವರಿಯಲ್ಲಿ ಬಂದ 110ಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ಕ್ರೋಮ್ ಹೋದ ದಾರಿಯಲ್ಲೇ ಲಾಂಚರ್‌ಗಳೂ ಹೋಗುತ್ತವೆ. ವಿಂಡೋಸ್ 10ರ 32 ಬಿಟ್ ಆವೃತ್ತಿಗೂ ಸ್ಟೀಮ್ 2026ರ ಜನವರಿ 1ರವರೆಗೆ ಮಾತ್ರ ಬೆಂಬಲ ಘೋಷಿಸಿತ್ತು.

ಇಲ್ಲಿ ಹಲವರು 'ಕಂಪ್ಯಾಟಿಬಿಲಿಟಿ ಮೋಡ್' ಹಾಕಿ ನೋಡುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಆ ಸೌಲಭ್ಯ ಇರುವುದು ಹಳೆಯ ಪ್ರೋಗ್ರಾಂ ಹೊಸ ವಿಂಡೋಸ್‌ನಲ್ಲಿ ನಡೆಯಲಿ ಎಂದು; ಹೊಸ ಪ್ರೋಗ್ರಾಂ ಬೇಡುವ ಸವಲತ್ತನ್ನು ಹಳೆಯ ವಿಂಡೋಸ್‌ಗೆ ತಂದುಕೊಡಲು ಅದಕ್ಕೆ ಆಗದು. ಎಂದೋ ಹಾಕಿದ ಆ ಟಿಕ್ ಗುರುತೇ ಈಗ ಅಡ್ಡಿಯಾಗಿರಲೂಬಹುದು. ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಎಲ್ಲ ಟಿಕ್‌ಗಳನ್ನೂ ತೆಗೆಯಿರಿ.

ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲಿ ಪ್ರೊಸೆಸರ್ 64 ಬಿಟ್, ವಿಂಡೋಸ್ ಮಾತ್ರ 32 ಬಿಟ್ ಎಂದಿದ್ದರೆ ಯಂತ್ರಕ್ಕೆ ಇನ್ನೂ ಆಯುಷ್ಯವಿದೆ. 64 ಬಿಟ್ ವಿಂಡೋಸ್ ಹಾಕಬಹುದು. ಆದರೆ ಇದನ್ನು ಇದ್ದದ್ದರ ಮೇಲೆ ಅಪ್‌ಗ್ರೇಡ್ ಆಗಿ ಮಾಡಲಾಗದು, ಹೊಸದಾಗಿಯೇ ಹಾಕಬೇಕು. ಕಡತಗಳ ಪ್ರತಿ ಮೊದಲೇ ಬೇರೆ ಡಿಸ್ಕ್‌ನಲ್ಲಿರಲಿ.

ಗಡಿಯಾರ ತಪ್ಪಿದ್ದರೆ

ಪರದೆಯ ಮೂಲೆಯ ದಿನಾಂಕ, ಇಸವಿ ಸರಿಯಿದೆಯೇ ನೋಡಿ. ಸುರಕ್ಷಿತ ಸಂಪರ್ಕಕ್ಕೆ ಬಳಸುವ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ. ಕಂಪ್ಯೂಟರ್ ತಾನಿನ್ನೂ 2009ರಲ್ಲಿದ್ದೇನೆ ಎಂದುಕೊಂಡಿದ್ದರೆ ಇಂದಿನ ಪ್ರಮಾಣಪತ್ರಗಳೆಲ್ಲ ಅದಕ್ಕೆ ಸುಳ್ಳಾಗಿ ಕಾಣುತ್ತವೆ. ಲಾಂಚರ್ ಸರ್ವರ್ ಜೊತೆ ಮಾತನಾಡಲಾಗದೆ ಕಾಯುತ್ತಾ ಕೂರುತ್ತದೆ.

ದಿನಾಂಕ ಸರಿಪಡಿಸಿದರೂ ಪ್ಲಗ್ ತೆಗೆದು ಹಾಕಿದ ಮೇಲೆ ಮತ್ತೆ ಹಿಂದಕ್ಕೆ ಹೋದರೆ ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತಿದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟ್‌ನದು. ಬದಲಾಯಿಸುವ ಮುನ್ನ ಬಯೋಸ್‌ಗೆ (ಕಂಪ್ಯೂಟರ್ ಏಳುವಾಗ ವಿಂಡೋಸ್‌ಗಿಂತ ಮೊದಲು ನಡೆಯುವ ಪ್ರೋಗ್ರಾಂ) ಹೋಗಿ, ಡಿಸ್ಕ್ ಜೋಡಣೆಯ ಬಗೆಯಾದ ಸಾಟಾ ಮೋಡ್ ಐಡಿಇ ಇದೆಯೋ ಎಎಚ್‌ಸಿಐ ಇದೆಯೋ ಬರೆದಿಟ್ಟುಕೊಳ್ಳಿ. ಸೆಲ್ ತೆಗೆದಾಗ ಬಯೋಸ್ ಆಯ್ಕೆಗಳು ಕಾರ್ಖಾನೆಯಲ್ಲಿ ಇಟ್ಟ ಸ್ಥಿತಿಗೆ ಮರಳುತ್ತವೆ. ಈ ಒಂದು ಆಯ್ಕೆ ಬದಲಾದರೂ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಆಗ ಬರೆದಿಟ್ಟದ್ದನ್ನು ಮತ್ತೆ ಆರಿಸಿದರೆ ಸಾಕು. ಪ್ಲಗ್ ತೆಗೆದ ಮೇಲಷ್ಟೇ ಸೆಲ್ ಮುಟ್ಟಿ. ಪ್ಲಸ್ ಗುರುತಿನ ಮುಖ ಹಳೆಯದು ಇದ್ದಂತೆಯೇ ಇರಲಿ.

ದಿನಾಂಕ ಸರಿಯಿದ್ದೂ ಸಂಪರ್ಕ ಸಿಗದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಇಂಟರ್‌ನೆಟ್ ಆಪ್ಶನ್ಸ್‌ಗೆ ಹೋಗಿ, ಅಡ್ವಾನ್ಸ್‌ಡ್ ಪುಟದಲ್ಲಿ ಸುರಕ್ಷಿತ ಸಂಪರ್ಕದ ವಿಧಾನವಾದ 'ಟಿಎಲ್‌ಎಸ್ 1.2' ಮುಂದೆ ಟಿಕ್ ಇದೆಯೇ ನೋಡಿ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಯಂತ್ರದಲ್ಲಿ ಉಳಿದವನ್ನು ನಂಬಲು ಆಧಾರವಾದ ಮೂಲ ಪ್ರಮಾಣಪತ್ರಗಳೇ ಹಳತಾಗಿರುತ್ತವೆ. ಅಸಂಖ್ಯ ಜಾಲತಾಣಗಳು ನೆಚ್ಚಿಕೊಂಡಿದ್ದ ಅಂಥ ಒಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಬಾಕಿ ಉಳಿದ ವಿಂಡೋಸ್ ಅಪ್‌ಡೇಟ್‌ಗಳನ್ನೆಲ್ಲ ಹಾಕುವುದೇ ಇದಕ್ಕೆ ಪರಿಹಾರ.

ಡಿಎಲ್‌ಎಲ್ ಇಲ್ಲ ಎಂಬ ದೂರು

'ವಿಸಿರನ್‌ಟೈಮ್140' ಅಥವಾ 'ಎಂಎಸ್‌ವಿಸಿಪಿ140' ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಬೇಕಾದದ್ದು ಅಂಥ ಡಿಎಲ್‌ಎಲ್‌ಗಳ ಕಂತೆಯಾದ ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್. 2015ರಿಂದ 2022ರವರೆಗಿನದು ಒಂದೇ ಕಂತೆಯಾಗಿ ಸಿಗುತ್ತದೆ. 64 ಬಿಟ್ ವಿಂಡೋಸ್ ಇದ್ದರೂ ಎಕ್ಸ್86 (32 ಬಿಟ್) ಮತ್ತು ಎಕ್ಸ್64 (64 ಬಿಟ್) ಎರಡನ್ನೂ ಹಾಕಿ, ಏಕೆಂದರೆ ಲಾಂಚರ್‌ನ ಕೆಲವು ಭಾಗ 32 ಬಿಟ್‌ನಲ್ಲೇ ಇರಬಹುದು. '0ಎಕ್ಸ್‌ಸಿ000007ಬಿ' ಎಂಬ ಸಂಖ್ಯೆ ಬಂದರೆ ಹೆಚ್ಚಾಗಿ 32 ಮತ್ತು 64 ಬಿಟ್ ಕಡತಗಳು ಕಲಬೆರಕೆಯಾಗಿವೆ ಎಂದರ್ಥ. ಆಗಲೂ ಈ ಎರಡನ್ನು ತೆಗೆದು ಮತ್ತೆ ಹಾಕುವುದೇ ಮೊದಲ ಮದ್ದು.

ಸಂದೇಶದಲ್ಲಿ ಕಂಡ ಒಂದೇ ಒಂದು ಡಿಎಲ್‌ಎಲ್ ಕಡತವನ್ನು ಯಾವುದೋ ಜಾಲತಾಣದಿಂದ ಇಳಿಸಿ ಸಿಸ್ಟಂ ಫೋಲ್ಡರ್‌ಗೆ ಹಾಕಬೇಡಿ, ದಯವಿಟ್ಟು. ಆವೃತ್ತಿ ಹೊಂದದೆ ಬೇರೆ ಪ್ರೋಗ್ರಾಂಗಳೂ ಕೆಡುತ್ತವೆ. ಅದರಲ್ಲಿ ವೈರಸ್ ಇದ್ದರೆ ನೀವೇ ಬಾಗಿಲು ತೆರೆದು ಕರೆದಂತೆ.

ಬ್ರೌಸರ್ ಭಾಗದ ಚಿಕಿತ್ಸೆ

ಹೆಸರು ಪಟ್ಟಿಯಲ್ಲಿದೆ, ಕಿಟಕಿ ಇಲ್ಲ ಅಥವಾ ಕಪ್ಪಗಿದೆ ಎಂಬ ದೂರುಗಳು ಇಲ್ಲೇ ಬಗೆಹರಿಯುವುದು ಹೆಚ್ಚು. ಹಾಗಾಗಿ ಇಲ್ಲಿ ಆತುರ ಬೇಡ.

ಮೊದಲು ಕ್ಯಾಶ್, ಅಂದರೆ ಜಾಲಪುಟಗಳ ತಾತ್ಕಾಲಿಕ ಪ್ರತಿಗಳ ಸಂಗ್ರಹ. ವಿದ್ಯುತ್ ಹೋಗಿ ಕಂಪ್ಯೂಟರ್ ಥಟ್ಟನೆ ಆರಿದಾಗ ಅರ್ಧ ಬರೆದ ಕಡತಗಳು ಅದರಲ್ಲಿ ಉಳಿಯುತ್ತವೆ, ಬ್ರೌಸರ್ ಭಾಗ ಅವನ್ನು ಓದಲು ಹೋಗಿ ಬೀಳುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಲಾಂಚರ್‌ಗೆ ಸೇರಿದ ಎಲ್ಲವನ್ನೂ 'ಎಂಡ್ ಟಾಸ್ಕ್' ಮಾಡಿ. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, '%ಲೋಕಲ್‌ಆ್ಯಪ್‌ಡೇಟಾ%' ಎಂದು ಶೇಕಡಾ ಚಿಹ್ನೆಗಳ ಸಮೇತ ಟೈಪ್ ಮಾಡಿ. ಸ್ಟೀಮ್ ಆದರೆ ಅಲ್ಲಿನ ಸ್ಟೀಮ್ ಫೋಲ್ಡರ್ ಒಳಗೆ 'ಎಚ್‌ಟಿಎಂಎಲ್‌ಕ್ಯಾಶ್' ಇರುತ್ತದೆ. ಎಪಿಕ್ ಆದರೆ 'ಎಪಿಕ್‌ಗೇಮ್ಸ್‌ಲಾಂಚರ್', ಅದರೊಳಗೆ 'ಸೇವ್ಡ್', ಅದರೊಳಗೆ 'ವೆಬ್‌ಕ್ಯಾಶ್' ಎಂದು ಶುರುವಾಗುವ ಒಂದೆರಡು ಫೋಲ್ಡರ್. ಇವನ್ನು ಅಳಿಸಿದರೆ ಆಟಗಳಿಗೆ ಏನೂ ಆಗದು, ಹೆಚ್ಚೆಂದರೆ ಮತ್ತೆ ಲಾಗಿನ್ ಆಗಬೇಕಾಗಬಹುದು.

ಆಮೇಲೆ ಗ್ರಾಫಿಕ್ಸ್ ವೇಗವರ್ಧನೆ. ಜಾಲಪುಟವನ್ನು ಬಿಡಿಸುವ ಕೆಲಸವನ್ನು ಬ್ರೌಸರ್ ಭಾಗ ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುತ್ತದೆ. ಚಿಪ್‌ನ ಡ್ರೈವರ್ ಹಳೆಯದಾದರೆ ಪರದೆ ಕಪ್ಪಗೆ ನಿಲ್ಲುತ್ತದೆ. ಸ್ಟೀಮ್‌ನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. 'ಟಾರ್ಗೆಟ್' ಸಾಲಿನ ಕೊನೆಯ ಉದ್ಧರಣ ಚಿಹ್ನೆಯ ಹೊರಗೆ ಒಂದು ಸ್ಪೇಸ್ ಬಿಟ್ಟು '-ಸಿಇಎಫ್-ಡಿಸೇಬಲ್-ಜಿಪಿಯು' ಎಂದು ಸೇರಿಸಿ. ಚಿಹ್ನೆಯ ಒಳಗೆ ಬರೆದರೆ ಅಥವಾ ಸ್ಪೇಸ್ ಮರೆತರೆ ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಎಪಿಕ್ ಲಾಂಚರ್‌ಗೆ ಇದೇ ಜಾಗದಲ್ಲಿ '-ಓಪನ್‌ಜಿಎಲ್' ಸೇರಿಸಿ. ಇದರಿಂದ ಲಾಂಚರ್‌ನ ಪುಟಗಳು ತುಸು ನಿಧಾನವಾಗಬಹುದು, ಆಟದ ವೇಗಕ್ಕೆ ಧಕ್ಕೆಯಿಲ್ಲ.

ಇದರಿಂದ ತೆರೆದುಕೊಂಡರೆ ರೋಗದ ಮೂಲ ಸಿಕ್ಕಿತು: ಡ್ರೈವರ್. 'ಡಿಎಕ್ಸ್‌ಡಯಾಗ್' ಎಂದು ಟೈಪ್ ಮಾಡಿ ಡಿಸ್‌ಪ್ಲೇ ಪುಟ ನೋಡಿ. ಅಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ನಿಜವಾದ ಡ್ರೈವರ್ ಹಾಕಿಯೇ ಇಲ್ಲ. ಲ್ಯಾಪ್‌ಟಾಪ್ ಆದರೆ ಡ್ರೈವರನ್ನು ಮೊದಲು ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ಆ ಮಾದರಿಯ ಹೆಸರಿನಡಿ ಹುಡುಕಿ, ಅಲ್ಲಿ ಸಿಗದಿದ್ದರೆ ಮಾತ್ರ ಚಿಪ್ ತಯಾರಕರ ಕಡೆ ಹೋಗಿ.

ಎರಡು ಸಣ್ಣ ಅಡ್ಡಿಗಳೂ ಇವೆ. ಆ್ಯಂಟಿವೈರಸ್ ಲಾಂಚರ್‌ನ ಕಡತವೊಂದನ್ನು ಎತ್ತಿ ಬೇರೆಡೆ ಬಂಧಿಸಿಟ್ಟಿರಬಹುದು, ಅದರ ಇತಿಹಾಸ ಪುಟ ನೋಡಿ. ವಿಂಡೋಸ್ ಬಳಕೆದಾರರ ಹೆಸರನ್ನು ಕನ್ನಡ ಲಿಪಿಯಲ್ಲಿ ಇಟ್ಟಿದ್ದರೆ ಫೋಲ್ಡರ್ ದಾರಿಯಲ್ಲೂ ಅದೇ ಲಿಪಿ ಬರುತ್ತದೆ, ಕೆಲವು ಲಾಂಚರ್‌ಗಳು ಅಲ್ಲಿ ಮುಗ್ಗರಿಸುತ್ತವೆ. ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ಪರೀಕ್ಷಿಸಿ.

ವಿಂಡೋಸ್ ಬರೆದಿಟ್ಟ ದಿನಚರಿ

ಇಷ್ಟಾದರೂ ಸುಳಿವು ಸಿಗದಿದ್ದರೆ ಊಹೆ ನಿಲ್ಲಿಸಿ 'ಈವೆಂಟ್ ವ್ಯೂವರ್' ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ನೀವು ಕ್ಲಿಕ್ ಮಾಡಿದ ಹೊತ್ತಿಗೆ ಸರಿಹೊಂದುವ ಕೆಂಪು ಗುರುತಿನ, 1000 ಸಂಖ್ಯೆಯ ದಾಖಲೆ ಹುಡುಕಿ. 'ಫಾಲ್ಟಿಂಗ್ ಮಾಡ್ಯೂಲ್' ಸಾಲಿನಲ್ಲಿ ಬಿದ್ದ ಜಾಗದ ಹೆಸರಿರುತ್ತದೆ. ಅದು 'ಐಜಿ' ಎಂದು ಶುರುವಾದರೆ ಹೆಚ್ಚಾಗಿ ಇಂಟೆಲ್ ಗ್ರಾಫಿಕ್ಸ್ ಡ್ರೈವರ್, 'ಎನ್‌ವಿ' ಎಂದಾದರೆ ಎನ್‌ವಿಡಿಯಾ. ಪಕ್ಕದಲ್ಲಿ 1026 ಸಂಖ್ಯೆಯ ದಾಖಲೆ ಇದ್ದರೆ ಡಾಟ್‌ನೆಟ್ (ಪ್ರೋಗ್ರಾಂಗಳು ನೆಚ್ಚುವ ಮೈಕ್ರೋಸಾಫ್ಟ್‌ನ ಪೂರಕ ಕಂತೆ) ಭಾಗದ ದೋಷ; ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ಹಾಕಿ ನೋಡಿ, ಅದು ವಿಂಡೋಸ್ 7ರ ಸರ್ವೀಸ್ ಪ್ಯಾಕ್ 1ರಲ್ಲೂ ಕೂರುತ್ತದೆ.

'ಎಕ್ಸೆಪ್ಶನ್ ಕೋಡ್' ಸಾಲಿನಲ್ಲಿ '0ಎಕ್ಸ್‌ಸಿ000001ಡಿ' ಎಂದಿದ್ದರೆ ಪ್ರೊಸೆಸರ್‌ಗೆ ತಿಳಿಯದ ಸೂಚನೆಯೊಂದನ್ನು ಲಾಂಚರ್ ಕೊಟ್ಟಿದೆ. ಕ್ರೋಮ್ ಕೂಡ 2021ರಲ್ಲಿ ಬಂದ 89ನೇ ಆವೃತ್ತಿಯಿಂದ ಎಸ್‌ಎಸ್‌ಇ3 ಸೂಚನೆಗಳಿಲ್ಲದ ಪ್ರೊಸೆಸರ್‌ಗಳನ್ನು ಬಿಟ್ಟಿತು. ಇದಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ.

ಆಟ ಉಳಿಸಿಕೊಂಡೇ ಮರುಸ್ಥಾಪನೆ

ಈಗ ಲಾಂಚರನ್ನು ಮತ್ತೆ ಹಾಕುವ ಹೊತ್ತು. ವಿಂಡೋಸ್ ಆವೃತ್ತಿಗೆ ಬೆಂಬಲ ಇದೆ ಎಂದು ಖಚಿತವಾಗಿದ್ದರೆ ಮಾತ್ರ ಮುಂದುವರಿಯಿರಿ. ಸ್ಟೀಮ್ ಫೋಲ್ಡರ್‌ನಲ್ಲಿ 'ಸ್ಟೀಮ್' ಎಂಬ ಇಎಕ್ಸ್‌ಇ (ಪ್ರೋಗ್ರಾಂ ತೆರೆಯುವ) ಕಡತ, 'ಸ್ಟೀಮ್‌ಆ್ಯಪ್ಸ್' ಮತ್ತು 'ಯೂಸರ್‌ಡೇಟಾ' ಫೋಲ್ಡರ್‌ಗಳು, ಈ ಮೂರನ್ನು ಬಿಟ್ಟು ಉಳಿದದ್ದನ್ನು ಬೇರೆ ಫೋಲ್ಡರ್‌ಗೆ ಸಾಗಿಸಿ. ಅಳಿಸಬೇಡಿ, ಸಾಗಿಸಿ. ಇಎಕ್ಸ್‌ಇ ಮೇಲೆ ಕ್ಲಿಕ್ ಮಾಡಿದರೆ ಉಳಿದ ಕಡತಗಳನ್ನು ಅದೇ ಇಳಿಸಿಕೊಳ್ಳುತ್ತದೆ.

ಎಪಿಕ್‌ನಲ್ಲಿ ಆಟದ ಫೋಲ್ಡರ್‌ನ ಹೆಸರು ಬದಲಿಸಿಟ್ಟು ಲಾಂಚರ್ ಹಾಕಿ. ಅದೇ ಜಾಗಕ್ಕೆ ಆಟದ ಡೌನ್‌ಲೋಡ್ ಶುರುಮಾಡಿ, ಒಂದೆರಡು ನಿಮಿಷದಲ್ಲಿ ನಿಲ್ಲಿಸಿ ಲಾಂಚರ್ ಮುಚ್ಚಿ. ಹೊಸದಾಗಿ ಹುಟ್ಟಿದ ಫೋಲ್ಡರ್‌ಗೆ ಹಳೆಯ ಕಡತಗಳನ್ನು ಸುರಿದು ಡೌನ್‌ಲೋಡ್ ಮುಂದುವರಿಸಿದರೆ, ಇದ್ದದ್ದನ್ನು ಪರೀಕ್ಷಿಸಿ ಇಲ್ಲದ್ದನ್ನಷ್ಟೇ ಇಳಿಸುತ್ತದೆ.

ಬೆಂಬಲವೇ ಮುಗಿದಿದ್ದರೆ

ಕೆಲವು ಆಟಗಳಿಗೆ ಲಾಂಚರ್ ಬೇಕೇ ಇಲ್ಲ. ಆಟದ ಫೋಲ್ಡರ್‌ನಲ್ಲಿರುವ ಇಎಕ್ಸ್‌ಇ ಕಡತವನ್ನು ನೇರವಾಗಿ ಕ್ಲಿಕ್ ಮಾಡಿ ನೋಡಿ. ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟಗಳಿಗೆ ಲಾಂಚರ್ ಇಲ್ಲದೆ ಕೂರುವ ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತದೆ. ಹೊಸ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರಬಹುದು. ವಿಂಡೋಸ್ 7 ಯಂತ್ರಕ್ಕೆ 2020ರ ಜನವರಿ 14ರಿಂದ ಉಚಿತ ಭದ್ರತಾ ಅಪ್‌ಡೇಟ್ ಇಲ್ಲವಾದ್ದರಿಂದ ಇದೇ ಸುರಕ್ಷಿತ ದಾರಿ ಕೂಡ.

ಇನ್ನೊಂದು ದಾರಿ ವಿಂಡೋಸ್ ಬದಲು ಹಾಕಬಹುದಾದ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್. 64 ಬಿಟ್ ಪ್ರೊಸೆಸರ್ ಇದ್ದರೆ ಹಳೆಯ ಯಂತ್ರದಲ್ಲೂ ಹೊಸ ಸ್ಟೀಮ್ ಲಿನಕ್ಸ್ ಮೇಲೆ ತೆರೆಯುವ ಸಾಧ್ಯತೆ ಇದೆ. ವಿಂಡೋಸ್ ಆಟಗಳನ್ನು ಪ್ರೋಟಾನ್ ಎಂಬ ಪದರ ನಡೆಸುತ್ತದೆ. ಪ್ರೋಟಾನ್ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯನ್ನು ನೆಚ್ಚಿಕೊಂಡಿದೆ, ಹಳೆಯ ಚಿಪ್‌ಗಳಲ್ಲಿ ಅದು ಇರುವುದಿಲ್ಲ. ಅಂಥಲ್ಲಿ ಆಟದ ಪ್ರಾಪರ್ಟೀಸ್‌ನ ಲಾಂಚ್ ಆಪ್ಶನ್ಸ್ ಸಾಲಿನಲ್ಲಿ 'ಪ್ರೋಟಾನ್_ಯೂಸ್_ವೈನ್‌ಡಿ3ಡಿ=1 %ಕಮಾಂಡ್%' ಎಂದು ಬರೆಯಿರಿ. ಕೊನೆಯ ಪದ ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷ್‌ನ ದೊಡ್ಡ ಅಕ್ಷರಗಳಲ್ಲಿರಬೇಕು. ಆಗ ಡೈರೆಕ್ಟ್‌ಎಕ್ಸ್ 11ರವರೆಗಿನ ಆಟಗಳು ಓಪನ್‌ಜಿಎಲ್ ಎಂಬ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯ ಮೂಲಕ ನಡೆಯಲು ನೋಡುತ್ತವೆ. ವೇಗ ಕಡಿಮೆಯಾಗುತ್ತದೆ, ಆದರೆ ಹಳೆಯ ಆಟಗಳಿಗೆ ಅಷ್ಟು ಸಾಕಾಗಬಹುದು.