ಗ್ಯಾಸ್ ಜೊತೆಗೇ ಸ್ಟೀಮ್: ನಾಕ್ಸ್ ಇಳಿಸಿದ ನನ್ನ ಅನುಭವ

ನಾನು ನೋಡಿಕೊಳ್ಳುತ್ತಿದ್ದ ಗ್ಯಾಸ್ ಟರ್ಬೈನ್ ಹಳೆಯ ಮಾದರಿಯದು. ಗ್ಯಾಸು, ಗಾಳಿ ಅದರಲ್ಲಿ ಮೊದಲೇ ಬೆರೆಯುವುದಿಲ್ಲ. ಎರಡೂ ಸೇರಿದ ಜಾಗದಲ್ಲೇ ಉರಿಯುತ್ತವೆ. ಇಂಥ ಜ್ವಾಲೆ ಸುಲಭಕ್ಕೆ ಆರುವುದಿಲ್ಲ, ಆದರೆ ಬಿಸಿ ವಿಪರೀತ. ಸುಮಾರು 1500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಾಳಿಯಲ್ಲಿರುವ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರಿ ನಾಕ್ಸ್ (ಗಾಳಿ ಕೆಡಿಸುವ ನೈಟ್ರೋಜನ್ ಆಕ್ಸೈಡ್‌ಗಳು) ಆಗುತ್ತದೆ. ಅಲ್ಲಿಂದ ಮುಂದೆ ಬಿಸಿ ಸ್ವಲ್ಪ ಏರಿದರೂ ನಾಕ್ಸ್ ಸರ್ರನೆ ಏರುತ್ತದೆ.

ಜ್ವಾಲೆಯ ಬಿಸಿ ತಗ್ಗಿಸಲು ಮೊದಲು ಸ್ಟೀಮನ್ನು ಬೇರೆ ದಾರಿಯಿಂದ ಕಂಬಸ್ಟರ್‌ಗೆ, ಅಂದರೆ ಗ್ಯಾಸ್ ಉರಿಯುವ ಕೋಣೆಗೆ, ಬಿಡುತ್ತಿದ್ದೆವು. ನಾಕ್ಸ್ ಇಳಿಯಿತು. ಇನ್ನೂ ಇಳಿಸೋಣ ಎಂದು ಸ್ಟೀಮ್ ಹೆಚ್ಚಿಸಿದರೆ ಕಾರ್ಬನ್ ಮಾನಾಕ್ಸೈಡ್ ಏರತೊಡಗಿತು. ಒಂದು ಕಡೆ ಸ್ಟೀಮ್ ಜಾಸ್ತಿಯಾಗಿ ಉರಿ ಅರೆಬರೆಯಾಗುತ್ತಿತ್ತು. ಇನ್ನೊಂದು ಕಡೆ ಸ್ಟೀಮೇ ತಲುಪದೆ ನಾಕ್ಸ್ ಹುಟ್ಟುತ್ತಿತ್ತು. ನನ್ನ ಪ್ರಕಾರ ಇಲ್ಲಿ ಸ್ಟೀಮ್ ಎಷ್ಟು ಎನ್ನುವುದಕ್ಕಿಂತ ಎಷ್ಟು ಸಮನಾಗಿ ಬೆರೆತಿದೆ ಎನ್ನುವುದೇ ಮುಖ್ಯ. ಅದಕ್ಕೇ ಗ್ಯಾಸನ್ನು ಕಂಬಸ್ಟರ್‌ಗೆ ಚಿಮ್ಮಿಸುವ ನಾಝಲ್‌ಗೆ ಬರುವ ಮೊದಲೇ, ಗ್ಯಾಸ್ ಪೈಪಿನಲ್ಲೇ ಸ್ಟೀಮ್ ಬೆರೆಸಲು ಹೊರಟೆವು. ಆಗ ಗ್ಯಾಸ್ ಹೋದಲ್ಲೆಲ್ಲ ಸ್ಟೀಮೂ ಹೋಗುತ್ತದೆ.

ಕಷ್ಟವಿರುವುದು ಪೈಪಿನೊಳಗೆ. ಲೆಕ್ಕ ನೋಡಿ. ಒತ್ತಡ 20 ಬಾರ್. ತೂಕದಲ್ಲಿ ಗ್ಯಾಸು, ಸ್ಟೀಮು ಸಮಸಮ. ಈ ಮಿಶ್ರಣದಲ್ಲಿ ಸ್ಟೀಮಿನ ಪಾಲಿನ ಒತ್ತಡ 9 ಬಾರ್‌ಗಿಂತ ತುಸು ಹೆಚ್ಚು. ಅಂದರೆ ಸುಮಾರು 177 ಡಿಗ್ರಿಗಿಂತ ಕೆಳಗಿಳಿದರೆ ನೀರು ಕಟ್ಟುತ್ತದೆ. 300 ಡಿಗ್ರಿಯ ಸ್ಟೀಮಿಗೆ 20 ಡಿಗ್ರಿಯ ಗ್ಯಾಸ್ ಸೇರಿಸಿದರೆ ಮಿಶ್ರಣ 160ರ ಆಸುಪಾಸಿಗೆ ಬರುತ್ತದೆ. ನೀರು ಕಟ್ಟಲೇಬೇಕು, ಅಲ್ವಾ? ಆ ಹನಿಗಳು ಒಂದು ನಾಝಲ್‌ಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗುತ್ತವೆ. ಜ್ವಾಲೆ ಅದುರುತ್ತದೆ, ಬಿಸಿ ಲೋಹದ ಮೇಲೆ ನೀರು ಬಿದ್ದರೆ ಬಿರುಕೂ ಬಿಡಬಹುದು. ಹಾಗಾಗಿ ಗ್ಯಾಸನ್ನು ಮೊದಲೇ 120 ಡಿಗ್ರಿವರೆಗೆ ಕಾಯಿಸಿದೆವು. ಮಿಶ್ರಣ 200 ದಾಟಿತು. ಪೈಪಿಗೆ ದಪ್ಪ ಇನ್ಸುಲೇಷನ್, ತಗ್ಗಿನಲ್ಲೆಲ್ಲ ಡ್ರೇನ್ ಕೊಟ್ಟೆವು. ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲು ಈ ಲೆಕ್ಕ ಹಾಕಿ, ವಾಲ್ವ್ ಆಮೇಲೆ ನೋಡಿ.

ನಾಝಲ್ ರಂಧ್ರಗಳನ್ನೂ ದೊಡ್ಡದು ಮಾಡಬೇಕಾಯಿತು. ಅದೇ ಗ್ಯಾಸಿನ ಜೊತೆ ಸರಿಸುಮಾರು ಅಷ್ಟೇ ಗಾತ್ರದ ಸ್ಟೀಮೂ ಹೋಗಬೇಕಲ್ಲ.

ಸುರಕ್ಷತೆಯಲ್ಲಿ ನಾನು ರಾಜಿಯಾಗದ ವಿಷಯ ಒಂದಿದೆ. ಗ್ಯಾಸ್ ಯಾವ ಕಾರಣಕ್ಕೂ ಹಿಂದಕ್ಕೆ ಸ್ಟೀಮ್ ಲೈನಿಗೆ, ಅಲ್ಲಿಂದ ಬಾಯ್ಲರ್‌ಗೆ ನುಗ್ಗಬಾರದು. ಒಂದೇ ದಿಕ್ಕಿಗೆ ಹರಿಯಲು ಬಿಡುವ ಚೆಕ್ ವಾಲ್ವ್ ಒಂದನ್ನೇ ನಂಬಲಿಲ್ಲ. ಸ್ಟೀಮ್ ಲೈನಿನಲ್ಲಿ ಎರಡು ಶಟಾಫ್ ವಾಲ್ವ್, ನಡುವೆ ಸೋರಿದ್ದನ್ನು ಹೊರಬಿಡುವ ವೆಂಟ್ ಹಾಕಿದೆವು. ಸ್ಟೀಮ್ ಒತ್ತಡ ಗ್ಯಾಸಿಗಿಂತ ಮೇಲಿದ್ದರೆ ಮಾತ್ರ ಆ ಎರಡು ಶಟಾಫ್ ವಾಲ್ವ್ ತೆರೆಯುತ್ತವೆ. ಟರ್ಬೈನನ್ನು ಬರೀ ಗ್ಯಾಸಿನಲ್ಲೇ ಸ್ಟಾರ್ಟ್ ಮಾಡಿ, ಲೋಡ್ ನೆಲೆಯಾದ ಮೇಲೆ ಸ್ಟೀಮನ್ನು ನಿಧಾನಕ್ಕೆ ಏರಿಸುತ್ತಿದ್ದೆವು.

ಬೇಕಾದ ನಾಕ್ಸ್ ಮಟ್ಟ ಸಿಕ್ಕಿತು, ಕಾರ್ಬನ್ ಮಾನಾಕ್ಸೈಡ್ ಹಿಂದಿನಂತೆ ಏರಲಿಲ್ಲ. ಟರ್ಬೈನ್ ಮೂಲಕ ಹರಿಯುವ ದ್ರವ್ಯ ಹೆಚ್ಚಿದ್ದರಿಂದ ಪವರ್ ಕೂಡ ಏರಿತು. "ಸ್ಟೀಮ್ ಸೇರಿಸಿ ಹೊಗೆಯನ್ನು ಸುಮ್ನೆ ತೆಳು ಮಾಡಿದ್ದೀರಿ" ಎಂದವರಿದ್ದರು. ಹಾಗಲ್ಲ. ಅನಲೈಸರ್ ನೀರಾವಿ ತೆಗೆದ ಮೇಲೆ ಅಳೆಯುತ್ತದೆ. ಆ ಅಂಕಿಯನ್ನೂ, ಹೊಗೆಯಲ್ಲಿ 15 ಶೇಕಡಾ ಆಕ್ಸಿಜನ್ ಇದ್ದಿದ್ದರೆ ಎಷ್ಟಾಗುತ್ತಿತ್ತೋ ಆ ಲೆಕ್ಕಕ್ಕೆ ಹೊಂದಿಸಿಯೇ ಬರೆದುಕೊಳ್ಳುತ್ತೇವೆ.

ಇದಕ್ಕೆ ತೆರುವ ಬೆಲೆ ನೀರು. ಹಾಕಿದ ಸ್ಟೀಮೆಲ್ಲ ಚಿಮಣಿಯಿಂದ ಹೊರಗೆ ಹೋಗುತ್ತದೆ. ಅದೂ ಸೋಡಿಯಂ, ಸಿಲಿಕಾ ತೆಗೆದ ಶುದ್ಧ ನೀರೇ ಆಗಬೇಕು, ಇಲ್ಲದಿದ್ದರೆ ಬ್ಲೇಡ್‌ಗಳು ಹಾಳಾಗುತ್ತವೆ.